ಅನಗತ್ಯ ಸದ್ದು

ಶಾಲೆಯ ಕಟ್ಟಡ ದುರಸ್ತಿಗೆ ಬಿದ್ದ ವರ್ಷ ನಾನು ರಸಾಯನಶಾಸ್ತ್ರವನ್ನು ಅಡುಗೆಮನೆಯ ಮೇಜಿನಿಂದ ಪಾಠ ಮಾಡಿದೆ. ಎದುರಿಗೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಕುಕ್ಕರ್, ಹಿಂದೆ ನನ್ನ ಗಂಡ. ಅವರು ರಾತ್ರಿ ಪಾಳಿಯ ಬಸ್ ಚಾಲಕರು, ಹಗಲೆಲ್ಲ ಮನೆಯಲ್ಲೇ. ನಿದ್ದೆ ಬಾರದಿದ್ದರೆ ಎದ್ದು ಬಂದು, ಮೈಕ್ ಆಫ್ ಮಾಡಿದ್ದೀಯಾ ಎಂದು ಬಸ್ಸಿನ ಹಿಂದಿನ ಸೀಟಿಗೂ ಕೇಳುವಂತೆ ವಿಚಾರಿಸುತ್ತಿದ್ದರು. ಇಲ್ಲ ಅಂಕಲ್ ಎಂದು ಇಡೀ ತರಗತಿ ಉತ್ತರಿಸುತ್ತಿತ್ತು. ಆಮ್ಲಕ್ಕೆ ಪ್ರತ್ಯಾಮ್ಲ ಸೇರಿದರೆ ಏನಾಗುತ್ತದೆ ಎಂದು ನಾನು ಕೇಳಿದರೆ, ಎರಡೂ ತಣ್ಣಗಾಗಿ ಸಂಸಾರವಾಗುತ್ತದೆ ಎಂದು ಒಲೆಯ ಕಡೆಯಿಂದ ಜವಾಬು. ಎಷ್ಟು ಗದರಿದರೂ ನಾಯಿ ಬಾಲ ಡೊಂಕೇ. ಆ ಪಾಠಗಳೆಲ್ಲ ರೆಕಾರ್ಡ್ ಆಗಿ ಶಾಲೆಯ ಇಂಟರ್ನೆಟ್ ಖಾತೆಯಲ್ಲಿ ಉಳಿದಿದ್ದವು.

ಮಕ್ಕಳು ಮತ್ತೆ ಶಾಲೆಗೆ ಬರತೊಡಗಿದ ವರ್ಷವೇ ಅವರು ತೀರಿಕೊಂಡರು. ಹೃದಯಾಘಾತ. ಡಿಪೋದಲ್ಲಿ ಬಸ್ಸು ನಿಲ್ಲಿಸಿ, ಕೀಲಿ ಒಪ್ಪಿಸಿದ ಮೇಲೆ. ನನಗೆ ಅಳು ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಕಾಲಿಗೆ ಜೋಮು ಹಿಡಿಯುತ್ತದಲ್ಲ, ಅದು ಮೈಯೆಲ್ಲ ಹಿಡಿದ ಹಾಗಿದೆ, ಅಷ್ಟೇ. ನಮ್ಮ ಅತ್ತಿಗೆ ನನ್ನನ್ನು ಗಟ್ಟಿಗಿತ್ತಿ ಎಂದು ಕಂಡವರೆದುರೆಲ್ಲ ಹೊಗಳಿದರು. ಹೊಗಳಲಿ. ನಾವಿಬ್ಬರೂ ಎಂದೂ ದೂರ ಇದ್ದವರಲ್ಲ, ಹಾಗಾಗಿ ಫೋನಿನಲ್ಲಿ ಅವರ ಧ್ವನಿಯ ಒಂದು ತುಣುಕೂ ಇರಲಿಲ್ಲ. ಇದ್ದದ್ದು ಆ ಪಾಠಗಳಲ್ಲಿ ಮಾತ್ರ. ಧೈರ್ಯ ಬಂದ ದಿನ ಕೇಳೋಣವೆಂದು ಮುಟ್ಟದೆ ಇಟ್ಟಿದ್ದೆ.

ಕೆಲಸಕ್ಕೆ ಮರಳಿದ ವಾರ ತಲೆ ಎಲ್ಲೋ, ಕೈ ಎಲ್ಲೋ. ಹಳೆಯ ಪಾಠಗಳನ್ನು ಕಿರಿಯರಿಗಾಗಿ ಸಿದ್ಧಮಾಡಿ ಎಂದು ಮಕ್ಕಳಿಗೆ ಗುಂಪು ಕೆಲಸ ಕೊಟ್ಟೆ. ಅವರವರ ಮನೆಯಲ್ಲೇ ಕೂತು, ಇಂಟರ್ನೆಟ್ಟಿನಲ್ಲಿ ಒಟ್ಟಾಗಿ ಮಾಡಬೇಕು. ಅಡಿಬರಹಕ್ಕೆ ಹತ್ತು ಅಂಕ, ಅನಗತ್ಯ ಸದ್ದು ತೆಗೆದರೆ ಐದು. ಸಹೋದ್ಯೋಗಿಯೊಬ್ಬರ ಸೂಚನೆಯನ್ನೇ ಎತ್ತಿ ಅಂಟಿಸಿದ್ದೆ, ಓದಿಯೂ ನೋಡಿರಲಿಲ್ಲ.

ನಿನ್ನೆ ಕಂಪ್ಯೂಟರ್ ಕೋಣೆಯಲ್ಲಿ ಮಕ್ಕಳು ತಮ್ಮ ಕೆಲಸ ತೋರಿಸಿದರು. ನಾನೇ ಮಾತಿನ ಮಲ್ಲಿ ಎಂದು ಹೆಸರಿಟ್ಟ ಹುಡುಗಿ ಮೊದಲ ಪಾಠ ಹಾಕಿದಳು. ಕುಕ್ಕರಿನ ಸೀಟಿ ಇಲ್ಲ, ಬೀದಿಯ ಹಾರ್ನ್ ಇಲ್ಲ. ಅವರೂ ಇಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದಿದ್ದರು.

ಮೂಲ ಪ್ರತಿ ಎಲ್ಲಿ ಎಂದು ಕೇಳಿದೆ. ಖಾತೆಯಲ್ಲಿ ಜಾಗ ಸಾಲದೆ ಎಲ್ಲ ಗುಂಪಿನವರೂ ಹಳೆಯದರ ಮೇಲೆಯೇ ಸೇವ್ ಮಾಡಿದ್ದರಂತೆ. ಕಂಪ್ಯೂಟರ್ ಮೇಷ್ಟ್ರು ಅಲ್ಲಿ ಇಲ್ಲಿ ತಡಕಾಡಿ ಕೈಚೆಲ್ಲಿದರು. ಮಾಡಿದ್ದುಣ್ಣೋ ಮಹಾರಾಯ.

ನನ್ನ ಮುಖ ನೋಡಿ ಮಲ್ಲಿಯ ದನಿ ಇಳಿಯಿತು. "ಅಂಕಲ್ ಧ್ವನಿ ಕೇಳಿದ್ರೆ ನಿಮಗೆ ಸಂಕಟ ಆಗುತ್ತೆ ಅಂತ ಎಲ್ರೂ ಮಾತಾಡ್ಕೊಂಡ್ವಿ, ಮಿಸ್. ಅದನ್ನೇ ಮೊದ್ಲು ತೆಗೆದ್ವಿ."

ಸಿಟ್ಟು ಬರಲಿ ಎಂದು ಕಾದೆ. ಸದಾ ಮೂಗಿನ ತುದಿಯಲ್ಲೇ ಇರುವ ನನ್ನ ಸಿಟ್ಟು ಆಗ ಎಲ್ಲಿ ಹೋಗಿತ್ತೋ. ಚೆನ್ನಾಗಿದೆ ಎಂದು ಹೇಳಿ ಐದಕ್ಕೆ ಐದು ಕೊಟ್ಟೆ.

ತೆರೆಯ ಮೇಲೆ ಪಾಠ ಸಾಗಿತ್ತು. ಅಲ್ಲಿ ನಾನು ಲವಣದ ಸೂತ್ರ ಬರೆಯುತ್ತಿದ್ದವಳು ತಟ್ಟನೆ ನಿಲ್ಲಿಸಿದೆ. ಯಾರೂ ಕರೆದದ್ದು ಕೇಳಿಸಲಿಲ್ಲ. ಆದರೂ ಒಲೆಯ ಕಡೆ ತಿರುಗಿ, "ಹ್ಞೂಂ, ಬಂದೆ, ನೀವು ಊಟಕ್ಕೆ ಕೂತ್ಕೊಳ್ಳಿ," ಎಂದು ನಕ್ಕೆ. ಅಡಿಬರಹದಲ್ಲೂ ಅದೇ ಸಾಲು ಮೂಡಿತು.

"ಇಲ್ಲಿ ನೀವೊಬ್ರೇ ಮಾತಾಡ್ತಿರೋ ಹಾಗಿದೆ, ಮಿಸ್," ಎಂದಳು ಮಲ್ಲಿ. "ಚಿಕ್ಕವರಿಗೆ ಅರ್ಥ ಆಗಲ್ಲ. ಇದನ್ನೂ ತೆಗೀಲಾ?"

ಮನೆಯಲ್ಲಿ ಈಗಲೂ ಹಾಗೆಯೇ ಮಾತಾಡುತ್ತೇನೆ ಎಂದು ಅವಳಿಗೆ ಹೇಳಲಿಲ್ಲ. ಅದು ಇರಲಿ ಬಿಡು ಎಂದು, ಮುಂದಿನ ಗುಂಪನ್ನು ಕರೆದೆ.