ಮಯ್ಯತ್ತಿನ ಮುಂದೆ ಆಡಿದ ಮಾತು

ತಮ್ಮ ಕದಿರ್‌ಕುಲ್ ಸತ್ತ ದಿನ ಅಸಾನಕುನ್ ಏನು ಹೇಳಬೇಕಿತ್ತೋ ಅದನ್ನೇ ಹೇಳಿದ್ದ. ಮಣ್ಣು ಮಾಡುವ ಮೊದಲಿನ ಜನಾಜಾದ ನಮಾಜಿಗೆ ಗಂಡಸರು ಸಾಲುಗಟ್ಟಿ ನಿಂತ ಮೇಲೆ ಮನೆಯ ಹಿರಿಯನಾದವನು ಮಯ್ಯತ್ತಿನ, ಎಂದರೆ ಹೆಣದ, ಮುಂದೆ ನಿಂತು ಎರಡು ಮಾತು ಆಡಬೇಕು. ಅವನೂ ಆಡಿದ. "ನನ್ ತಮ್ಮ ಯಾರಿಗಾದ್ರೂ ಕೊಡೋದಿದ್ರೆ ನನ್ನ ಕೇಳಿ, ನಾನು ತೀರಿಸ್ತೀನಿ. ಅವನಿಗೆ ಯಾರಾದ್ರೂ ಕೊಡೋದಿದ್ರೆ, ನಾವು ಬಿಟ್ಟಿದ್ದೀವಿ." ಅವನ ಅಪ್ಪನೂ ಹೀಗೇ ಅಂದಿದ್ದ, ಅಜ್ಜನೂ ಅಂದಿದ್ದ. ಲೆಕ್ಕದ ಪುಸ್ತಕ ತೆಗೆದು ನೋಡಿ ಈ ಮಾತು ಆಡಿದವರನ್ನು ಅತ್-ಬಾಶಿಯ ಕಣಿವೆಯಲ್ಲಿ ಯಾರೂ ಕಂಡಿಲ್ಲ.

ಎರಡನೆಯ ಸಾಲಿನಲ್ಲಿ ಕುದುರೆ ವ್ಯಾಪಾರಿ ತುರ್ಗಾನಾಲಿ ನಿಂತಿದ್ದ. ಸತ್ತವನಿಗಾಗಿ ಅತ್ತ. ಬಂದವರ ಊಟಕ್ಕೆಂದು ಎರಡು ಮೂಟೆ ಹಿಟ್ಟು ಇಳಿಸಿ ಹೋದ. ಒಳ್ಳೆಯ ಮನುಷ್ಯ ಎಂದು ಊರವರೆಲ್ಲ ಅಂದುಕೊಂಡರು.

ನಲವತ್ತನೆಯ ದಿನದ ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ ತಮ್ಮನ ಹೆಂಡತಿ ಬುರುಲ್ಚಾ ಚಹಾ ಡಬ್ಬಿಯ ತಳದಿಂದ ಒಂದು ಕಾಗದ ತಂದಳು. ಕದಿರ್‌ಕುಲ್ ಹದಿನಾಲ್ಕು ಹೆಣ್ಣು ಕುದುರೆಗಳನ್ನು ತುರ್ಗಾನಾಲಿಗೆ ಸಾಲದ ಮೇಲೆ ಹೊಡೆದುಕೊಟ್ಟಿದ್ದ. ವಸಂತದ ನೂರೂಜ್ ಹಬ್ಬಕ್ಕೆ ಹಣ ಕೊಡುತ್ತೇನೆಂದು ವ್ಯಾಪಾರಿ ಸಹಿ ಹಾಕಿದ್ದ. ಆ ಕುದುರೆಗಳನ್ನು ಕೊಳ್ಳುವಾಗ ಕದಿರ್‌ಕುಲ್ ತನ್ನ ಚಳಿಗಾಲದ ದೊಡ್ಡಿಯನ್ನೂ ಅದರ ಪಕ್ಕದ ಮನೆಯನ್ನೂ ಬ್ಯಾಂಕಿಗೆ ಅಡವು ಬರೆದುಕೊಟ್ಟಿದ್ದ. ವ್ಯಾಪಾರಿಯ ಹಣ ಬಂದರೆ ದೊಡ್ಡಿ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ದೊಡ್ಡಿಯಿಲ್ಲದೆ ಆ ಎತ್ತರದಲ್ಲಿ ಕುರಿಗಳು ಒಂದು ಚಳಿಗಾಲವನ್ನೂ ದಾಟುವುದಿಲ್ಲ.

"ಮೊದಲೇ ಯಾಕೆ ತೋರಿಸ್ಲಿಲ್ಲಮ್ಮ?" ಎಂದು ಅಸಾನಕುನ್ ಕೇಳಿದ.

"ಹೆಣದ ಮುಂದೆ ಕಾಗದ ಹಿಡ್ಕೊಂಡು ಬರ್ಲಾ ಭಾವ?"

ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಅವನು ಆಡಿ ಆಗಿತ್ತು.

ಮುಂದಿನ ವರ್ಷ ತುರ್ಗಾನಾಲಿ ದಿವಾಳಿ ಎದ್ದ. ಕಜಾಕರ ಕಡೆ ಮಾಂಸಕ್ಕೆಂದು ಸಾಗಿಸಿದ ಕುದುರೆಗಳು ಗಡಿಯಲ್ಲಿ ಒಂದು ತಿಂಗಳು ನಿಂತವು. ಮೇವಿಲ್ಲದೆ ಮೂಳೆ ಚಕ್ಕಳವಾಗಿ ನೀರಿನ ಬೆಲೆಗೆ ಹೋದವು. ನರೀನ್ ಪಟ್ಟಣದ ಕೋರ್ಟು, ಅವನಿಂದ ಹಣ ಬರಬೇಕಾದವರೆಲ್ಲ ಬಂದು ಹೆಸರು ಬರೆಸಿ ಎಂದಿತು. ಬುರುಲ್ಚಾ ಬರೆಸಿದಳು. ಆದರೆ ತಾನು ಯಾರ್‍ಯಾರಿಗೆ ಕೊಡಬೇಕೆಂದು ತುರ್ಗಾನಾಲಿ ಬರೆದುಕೊಟ್ಟ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ, ಆ ಮನೆಯವರು ಮಯ್ಯತ್ತಿನ ಮುಂದೆ ನನ್ನನ್ನು ಬಿಟ್ಟಿದ್ದಾರೆ ಎಂದು ಬರೆದಿದ್ದನಂತೆ. ಅವನಿಗೆ ಸಾಲ ಕೊಟ್ಟಿದ್ದ ಬ್ಯಾಂಕಿನ ವಕೀಲ ಅಷ್ಟನ್ನೇ ಹಿಡಿದುಕೊಂಡ. ಬಿಟ್ಟ ಸಾಲವನ್ನು ಮತ್ತೆ ಕೇಳುವಂತಿಲ್ಲ, ಆ ಅಣ್ಣನನ್ನೇ ಕರೆಸಿ ಕೇಳಿ ಎಂದ.

ಹೀಗೆ ಚಳಿ ಹಿಡಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅಸಾನಕುನ್, ಬುರುಲ್ಚಾ ಇಬ್ಬರೂ ವ್ಯಾನು ಹತ್ತಿದರು.

"ಎಲ್ಲಿಗೆ ತಾತ, ಸಂತೆಗಾ?" ಎಂದ ಡ್ರೈವರ್.

"ಕೋರ್ಟಿಗೆ."

"ಹಂಗಾದ್ರೆ ವಾಪಸ್ ಬರೋ ದುಡ್ಡೂ ಈಗ್ಲೇ ಕೊಟ್ಬಿಡಿ. ಅಲ್ಲಿಂದ ಬರೋವಾಗ ಯಾರ ಹತ್ರಾನೂ ಇರಲ್ಲ."

ಹಿಂದೆ ಕೂತವರು ನಕ್ಕರು. ಬುರುಲ್ಚಾ ಮಾತ್ರ ಎರಡೂ ಕಡೆಯ ದುಡ್ಡು ಎಣಿಸಿ ಕೊಟ್ಟಳು. ಘಟ್ಟ ಹತ್ತಿದ ಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

"ಏನಂತ ಹೇಳ್ತೀರ ಭಾವ?"

"ನೀನೇನಂತೀಯ?"

"ನಾನು ಏನೂ ಅನ್ನಲ್ಲ. ಕುರಿ ಹೊಟ್ಟೇಲಿ ಮರಿ ಐತೆ, ಅಷ್ಟೇ ಹೇಳ್ತೀನಿ."

ಅಸಾನಕುನ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಅವನಿಗೆ ಎಪ್ಪತ್ತೆರಡು. ಸಣ್ಣಪುಟ್ಟ ಸುಳ್ಳು ಆಡಿದ್ದುಂಟು, ಹಲ್ಲಿಲ್ಲದ ಕುದುರೆಯನ್ನು ಒಂಬತ್ತು ವರ್ಷದ್ದು ಎಂದು ಮಾರಿದ್ದುಂಟು. ಸತ್ತವರನ್ನು ನಡುವೆ ತಂದು ಸುಳ್ಳಾಡಿದವನಲ್ಲ.

ನ್ಯಾಯಾಧೀಶೆ ಅವನ ಮೊಮ್ಮಗಳ ವಯಸ್ಸಿನ ಹುಡುಗಿ. ಮೊದಲು ಬುರುಲ್ಚಾಳನ್ನು ಕೇಳಿದಳು.

"ನಿಮ್ಮ ಜೊತೆ ಬಂದಿರೋರು ಯಾರು? ಹೆಸರು ಹೇಳಿ."

"ನಮ್ಮನೆ ಹಿರಿಯರು."

"ಹೆಸರು?"

"ದೊಡ್ಡೋರು."

"ಹೆಸರು ಹೇಳಮ್ಮ, ಬರ್ಕೋಬೇಕು."

ಗಂಡನ ಅಣ್ಣನ ಹೆಸರನ್ನು ಮದುವೆಯಾಗಿ ಬಂದಂದಿನಿಂದ ಅವಳು ಒಂದು ಸಲವೂ ಬಾಯಲ್ಲಿ ತಂದಿರಲಿಲ್ಲ. ಕೆಂಪಗಾಗಿ ನೆಲ ನೋಡುತ್ತ ನಿಂತಳು. ಕೊನೆಗೆ ಗುಮಾಸ್ತೆ ಹೆಂಗಸು, "ಸೊಸೆ ಹೇಳಲ್ಲ ಮೇಡಂ, ನಾನೂ ಹೇಳ್ತಿರ್ಲಿಲ್ಲ. ಅವರ ಗುರುತಿನ ಚೀಟಿ ನೋಡ್ಕೊಳ್ಳಿ" ಎಂದಳು. ನ್ಯಾಯಾಧೀಶೆಯೂ ತುಟಿಯಂಚಲ್ಲಿ ನಕ್ಕಳು.

ಆಮೇಲೆ ಅಸಾನಕುನ್‌ನನ್ನು ಕರೆದರು. ಬ್ಯಾಂಕಿನ ವಕೀಲನ ಬೆನ್ನ ಹಿಂದೆ ತುರ್ಗಾನಾಲಿ ಕೂತಿದ್ದ. ಹಿಂದೆ ಕುದುರೆ ಹಲ್ಲು ಎಣಿಸುವಾಗ ಇಡೀ ಸಂತೆಗೆ ಕೇಳುವಂತೆ ನಗುತ್ತಿದ್ದವನು ಈಗ ಇನ್ನೊಬ್ಬರ ಕೋಟು ಹಾಕಿಕೊಂಡಂತೆ ಕಾಣುತ್ತಿದ್ದ.

"ತಾತ, ನಿಮ್ಮ ತಮ್ಮನ ಜನಾಜಾದಲ್ಲಿ, ಅವರಿಗೆ ಬರಬೇಕಾದ ಸಾಲ ಬಿಟ್ಟಿದ್ದೀವಿ ಅಂತ ಹೇಳಿದ್ರಾ?" ಎಂದು ನ್ಯಾಯಾಧೀಶೆ ಕೇಳಿದಳು.

ತುರ್ಗಾನಾಲಿ ತಲೆ ಎತ್ತಿ ಅವನನ್ನೇ ನೋಡಿದ. ಕೋಪದ ನೋಟವಲ್ಲ. ನೀನು ಹೌದು ಅಂತೀಯ ಎಂದು ಗೊತ್ತಿರುವವನ ನೋಟ.

"ಹೇಳ್ಲಿಲ್ಲ" ಎಂದ ಅಸಾನಕುನ್.

ಊರ ಮುಲ್ಲಾನನ್ನೂ ಸಾಕ್ಷಿಗೆ ಕರೆದಿದ್ದರಂತೆ. ತನಗೆ ವಯಸ್ಸಾಯಿತು, ಯಾರ ಜನಾಜಾದಲ್ಲಿ ಯಾರು ಏನಂದರೋ ನೆನಪಿಲ್ಲ ಎಂದು ಅವನು ಚೀಟಿ ಬರೆದು ಕಳಿಸಿದ್ದ. ನ್ಯಾಯಾಧೀಶೆ ಅದನ್ನು ಓದಿದಳು, ಬುರುಲ್ಚಾಳ ಕಾಗದದ ಸಹಿ ನೋಡಿದಳು, ಒಳಗೆ ಹೋಗಿ ಬಂದಳು.

"ಅರ್ಜಿದಾರರ ಹಕ್ಕನ್ನು ಪೂರ್ತಿಯಾಗಿ ಒಪ್ಪಿದ್ದೇವೆ."

ಬುರುಲ್ಚಾ ಬಾಯಿಗೆ ತಲೆವಸ್ತ್ರದ ಅಂಚು ಅಡ್ಡ ಹಿಡಿದಳು. ಮೆಲ್ಲಗೆ ಕೇಳಿದಳು, "ಹಣ ಯಾವತ್ತು ಬರ್ತದೆ?"

ದಿವಾಳಿ ಆಸ್ತಿ ನೋಡಿಕೊಳ್ಳುವ ಅಧಿಕಾರಿ ತನ್ನ ಹಾಳೆ ತಿರುವಿದ. ತುರ್ಗಾನಾಲಿಯ ಅಂಗಡಿಯೂ ಲಾರಿಯೂ ಅಡವಿದ್ದದ್ದರಿಂದ ಬ್ಯಾಂಕಿಗೆ ಹೋಗಿದ್ದವು. ಉಳಿದ ಚಿಲ್ಲರೆ ಸಾಮಾನು ಆಳುಗಳ ಸಂಬಳಕ್ಕೂ ತೆರಿಗೆಗೂ ಸಾಲಲಿಲ್ಲ. ನಿಮ್ಮಂಥವರು ಅದರ ನಂತರದ ಸಾಲಿನಲ್ಲಿ ಬರುತ್ತೀರಿ ಎಂದ.

"ಆ ಸಾಲಿಗೆ ಎಷ್ಟು ಉಳಿದೈತೆ?"

"ಏನೂ ಉಳಿದಿಲ್ಲಮ್ಮ."

"ಹಂಗಾದ್ರೆ ಗೆದ್ದಿದ್ದು ಯಾಕೆ?"

ಅವನು ಕನ್ನಡಕ ಒರೆಸಿಕೊಂಡ. ಗುಮಾಸ್ತೆ ಅವಳ ಕೈಗೆ ಮೊಹರು ಹಾಕಿದ ಕಾಗದವೊಂದನ್ನು ಕೊಟ್ಟು ಸಹಿ ಮಾಡಿಸಿಕೊಂಡಳು.

ಹೊರಗೆ ಮೆಟ್ಟಿಲ ಬಳಿ ತುರ್ಗಾನಾಲಿ ಕಾಯುತ್ತಿದ್ದ. ಬುರುಲ್ಚಾ ಅವನತ್ತ ನೋಡದೆ ವ್ಯಾನಿನ ಕಡೆ ನಡೆದಳು. ಅಸಾನಕುನ್ ನಿಂತ. ಸಲಾಮು ಹೇಳುವುದೋ ಬೇಡವೋ ಎಂದು ಇಬ್ಬರಿಗೂ ತೋಚಲಿಲ್ಲ.

"ನಾನು ಎರಡನೇ ಸಾಲಲ್ಲಿದ್ದೆ ಅಣ್ಣ" ಎಂದ ತುರ್ಗಾನಾಲಿ.

"ಗೊತ್ತು."

"ಊರೆಲ್ಲ ನನ್ ಮೇಲೆ ಬಿದ್ದಾಗ, ಒಂದು ಮನೆಯಾದ್ರೂ ನನ್ನ ಬಿಟ್ಟೈತೆ ಅಂತಿದ್ದೆ. ಮಲಗೋವಾಗ ಅದೊಂದ್ ನೆನೆಸ್ಕೊಳ್ತಿದ್ದೆ."

"ಅವಳ ದೊಡ್ಡಿ ಹೋಗ್ತದೆ, ಕಣಪ್ಪ."

"ಅವತ್ತು ಅರ್ಧ ಹಣ ತಂದಿದ್ದೆ. ಒಳಜೇಬಲ್ಲಿತ್ತು. ಮಣ್ಣು ಮಾಡಿ ಆದ್ಮೇಲೆ ನಿಮ್ ಕೈಗೆ ಕೊಡೋಣ ಅಂತ. ನೀವು ಬಿಟ್ಟಿದ್ದೀವಿ ಅಂದ್ರಿ." ತುರ್ಗಾನಾಲಿ ತನ್ನ ಕೈಗಳನ್ನು ನೋಡಿಕೊಂಡ. "ಜೇಬಲ್ಲೇ ಉಳೀತು. ಅದ್ರಲ್ಲಿ ಇನ್ನಷ್ಟು ಕುದುರೆ ತಗೊಂಡೆ."

ವ್ಯಾಪಾರಿ ಎದೆಯ ಮೇಲೆ ಕೈಯಿಟ್ಟು ತಲೆಬಾಗಿ ಬಸ್ ನಿಲ್ದಾಣದ ಕಡೆ ನಡೆದುಹೋದ.

ವ್ಯಾನಿನಲ್ಲಿ ಬುರುಲ್ಚಾ ಕೇಳಿದಳು, "ಏನಂತೆ ಅವನದು?"

"ಕ್ಷೇಮ ವಿಚಾರಿಸ್ದ."

ಅವಳು ಮೊಹರಿನ ಕಾಗದವನ್ನು ಮಡಿಸಿದಳು, ಮತ್ತೆ ಬಿಡಿಸಿದಳು. "ಮೇಲಿನ ಕೋರ್ಟು ಅಂತ ಐತಂತೆ. ಲಾರಿ, ಅಂಗಡಿ ಬ್ಯಾಂಕಿಗೆ ಹೆಂಗೆ ಹೋಯ್ತು ಅಂತ ಅಲ್ಲಿ ಕೇಳ್ಬೋದಂತೆ. ಒಂದು ತಿಂಗಳು ಟೈಮ್ ಐತೆ. ಆ ಗುಮಾಸ್ತೆ ಹೇಳಿದ್ಲು."

"ಏನಾದ್ರೂ ಸಿಗ್ತದಂತಾ?"

"ಸಿಗಲ್ವಂತೆ. ಆದ್ರೂ ಕೇಳ್ಬೋದಂತೆ. ನೀವು ಮತ್ತೆ ಬಂದು ಇವತ್ತು ಹೇಳಿದ್ನೇ ಹೇಳ್ಬೇಕಾಗ್ತದೆ, ಭಾವ."

ಅಸಾನಕುನ್ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡ.

"ಬರ್ತೀನಿ" ಎಂದ.

ಘಟ್ಟದ ಮೇಲೆ ಹಿಮ ಬೀಳತೊಡಗಿತ್ತು. ದೊಡ್ಡಿ ಉಳಿಯದಿದ್ದರೆ ಇರಲೆಂದು ಹೇಳಿಟ್ಟಿದ್ದ ಕುರಿ ಕೊಳ್ಳುವವರು ಮರುದಿನ ಬೆಳಿಗ್ಗೆ ಬರುವವರಿದ್ದರು. ಎಷ್ಟು ಕೇಳಬೇಕೆಂದು ಅವರಿಬ್ಬರೂ ಇನ್ನೂ ಮಾತಾಡಿಕೊಂಡಿರಲಿಲ್ಲ.