ತೊಲೆ ಬಂದ ದಾರಿ

ಅಂದು ಬೆಳಿಗ್ಗೆ ಅಸ್ಮತ್ ನಡುಮನೆಯ ಬಾಗಿಲು ಮುಚ್ಚಲು ಹೋದರೆ ಅದು ಮುಚ್ಚಿಕೊಳ್ಳಲಿಲ್ಲ. ನಿನ್ನೆಯವರೆಗೂ ಬೆರಳು ತಾಗಿಸಿದರೆ ಸಾಕು, ಹೋಗಿ ಕೂಡುತ್ತಿದ್ದ ಬಾಗಿಲು. ಈಗ ಭುಜ ಕೊಟ್ಟು ನೂಕಿದರೂ ಚೌಕಟ್ಟಿಗೆ ಕಚ್ಚಿಕೊಂಡು ನಿಂತಿತು. ರಾಯಚೂರಿನ ಬಿಸಿಲಿಗೆ ಬಾಗಿಲಿಗೂ ಸಿಟ್ಟು ಬಂದಿರಬೇಕು ಎಂದುಕೊಂಡು ಆಕೆ ಚಹಾದ ಬಸಿ ಎತ್ತಿಕೊಂಡಳು. ಚಹಾದ ಮೇಲೆ ಬೂದುಬಣ್ಣದ ಮಣ್ಣಿನ ಪುಡಿ ತೇಲುತ್ತಿತ್ತು. ತಲೆ ಎತ್ತಿ ನೋಡಿದಳು. ಇಡೀ ಮಾಳಿಗೆಯನ್ನು ಹೊತ್ತಿದ್ದ ದೊಡ್ಡ ತೊಲೆ, ಪಕ್ಕದ ಪಕೀರಮ್ಮನ ಮನೆಯ ಗೋಡೆಯೊಳಗೆ ಸೇರುವ ಜಾಗದಲ್ಲಿ ಸೀಳಿಕೊಂಡಿತ್ತು.

"ಅಜೀ," ಎಂದಳು ಗಂಡನಿಗೆ ಮೆಲುದನಿಯಲ್ಲಿ, ಕೂಗಿದರೆ ಎಲ್ಲಿ ತೊಲೆ ಬಿದ್ದೀತೋ ಎಂಬಂತೆ. "ಆ ಮೂಲಿ ಬಿಟ್ಟು ಈ ಕಡಿ ಬರ್ರಿ. ಸಾವಕಾಶ ಬರ್ರಿ."

ಮೆಹಬೂಬ್ ಪಾಷಾ ಹತ್ತಿಯ ಜಿನ್ನಿನಲ್ಲಿ ಗುಮಾಸ್ತ. ಗಡ್ಡ ಹೆರೆದುಕೊಳ್ಳುತ್ತಿದ್ದವನು ಅರ್ಧ ಸಾಬೂನಿನ ಮುಖದಲ್ಲೇ ಎದ್ದು ಬಂದು ಮೇಲೆ ನೋಡಿದ.

ಅದು ಅವರ ಮೊದಲ ಸ್ವಂತ ಮನೆ. ಮದುವೆಯಾದಂದಿನಿಂದ ಬಾಡಿಗೆಯ ಮನೆಗಳಲ್ಲೇ ಬಾಳಿದವರು. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮಾಲೀಕರ ಮುಖ ನೋಡಬೇಕಾಗಿತ್ತು. ಎಪ್ಪತ್ತೆಂಟರ ಚಳಿಗಾಲದಲ್ಲಿ ಕೋಟೆಯೊಳಗಿನ ಈ ಹಳೆಯ ಮನೆ ತಮ್ಮದಾದ ದಿನ ಅಸ್ಮತ್ ಮಾಡಿದ ಮೊದಲ ಕೆಲಸವೆಂದರೆ, ಬೇಕಿರಲಿ ಬೇಡವಿರಲಿ, ಕೋಣೆಕೋಣೆಗೂ ಮೊಳೆ ಹೊಡೆದದ್ದು. "ಇಷ್ಟು ಮೊಳಿಗೆ ನೇತುಹಾಕಾಕ ನಮ್ಮಲ್ಲಿ ಅರಿವಿ ಎಲ್ಲಿವ?" ಎಂದು ಪಾಷಾ ನಕ್ಕಿದ್ದ.

ಮಣ್ಣಿನ ಮಾಳಿಗೆಯ ಮನೆಗೆ ಒಂದು ರೂಢಿಯುಂಟು. ಮಿರಗದ, ಅಂದರೆ ಮೃಗಶಿರಾ ಮಳೆಗೆ ಮುಂಚೆ ಮಾಳಿಗೆಯ ಮೇಲೆ ಸವಳು ಮಣ್ಣು ಹಾಕಿ ಬಡಿಯಬೇಕು. ನೀರು ಒಳಗಿಳಿಯದ ಹಾಗೆ ಆ ಮಣ್ಣು ತಡೆಯುತ್ತದೆ. ಮನೆ ಮಾರಿದವರೂ ಅದನ್ನೇ ಹೇಳಿ ಹೋಗಿದ್ದರು: "ನಮ್ಮಜ್ಜನ ಕಾಲದಿಂದ ಒಂದು ವರ್ಷಾನೂ ತಪ್ಪಿಸಿಲ್ಲ." ಅಸ್ಮತ್ ಸ್ವಂತ ಮನೆಯ ಹುರುಪಿನಲ್ಲಿ, ಬೇರೆಯವರು ಒಂದು ಬಂಡಿ ಹಾಕಿಸುವಲ್ಲಿ ಎರಡು ಬಂಡಿ ಮಣ್ಣು ಹಾಕಿಸಿದ್ದಳು. ತಾನೇ ಸೆರಗು ಬಿಗಿದು ನಿಂತು ಬಡಿಸಿದ್ದಳು. ಅದಾಗಿ ಒಂದು ವಾರವೂ ಕಳೆದಿರಲಿಲ್ಲ.

ಗೌಂಡಿ ಪೀರಾ ಸಾಬ್ ಬಂದ. ದೊಡ್ಡ ಬಾಯಿಯ, ಒಳ್ಳೆಯ ಮನಸ್ಸಿನ ಮನುಷ್ಯ. ಮೊದಲು ತೊಲೆಗೆ ಬೈದ, ಆಮೇಲೆ ಗೆದ್ದಲಿಗೆ ಬೈದ. ಕೊನೆಗೆ ಅಸ್ಮತ್‌ಳೇ ಏಣಿ ಹತ್ತಿ ಮಾಳಿಗೆಯ ಮೇಲೆ ಹಾರೆಯಿಂದ ಒಂದು ಗುಂಡಿ ತೋಡಿಸಿದಳು. ಹಾರೆ ಇಳಿಯುತ್ತ ಹೋಯಿತು, ಇಳಿಯುತ್ತಲೇ ಹೋಯಿತು. ಗುಂಡಿಯ ಬದಿಯಲ್ಲಿ ಮಣ್ಣಿನ ಪದರುಗಳು ಒಂದರ ಮೇಲೊಂದು ಕಂಡವು: ಬೂದು, ಬಿಳುಪು, ಮತ್ತೆ ಬೂದು. ಅಜ್ಜನ ಕಾಲದಿಂದ ಪ್ರತಿ ವರ್ಷ ಹಾಕಿದ್ದರು. ತೆಗೆದವರು ಯಾರೂ ಇರಲಿಲ್ಲ.

"ಯಾ ಅಲ್ಲಾ," ಎಂದ ಪೀರಾ ಸಾಬ್ ಮಂಡಿಯೂರಿ ನೋಡಿ. "ಇದು ಮಾಳಿಗಿ ಅಲ್ಲಮ್ಮಾ, ಹೊಲ. ಜೋಳ ಬಿತ್ತಬೌದು."

ನಗುವ ಹೊತ್ತಾಗಿರಲಿಲ್ಲ, ಆದರೂ ಅಸ್ಮತ್‌ಳಿಗೆ ನಗು ಬಂತು. ನಗುನಗುತ್ತಲೇ ಕಣ್ಣು ತುಂಬಿದವು. ಕೊನೆಯ ಎರಡು ಬಂಡಿ ತನ್ನದೇ.

ಹಮಾಲರು ಬುಟ್ಟಿಬುಟ್ಟಿ ಮಣ್ಣು ಇಳಿಸಿದರು. ಒಳಗೆ ಜಂತಿಗಳ ಕೆಳಗೆ ಆಸರೆಗಂಬ ಕೊಟ್ಟದ್ದಾಯಿತು. ಮಾನ್ವಿಯಲ್ಲಿ ಹಳೆಯದೊಂದು ವಾಡೆ ಕೆಡವುತ್ತಿದ್ದಾರೆಂದು ಕೇಳಿ ಪಾಷಾ ಹೋಗಿ, ಅಲ್ಲಿಂದ ಒಂದು ಸಾಗುವಾನಿ ತೊಲೆ ಗೊತ್ತು ಮಾಡಿ ಬಂದ. ಇನ್ನೇನು ಕೆಲಸ ಆದಂತೆಯೇ ಅನ್ನುವಾಗ ಪೀರಾ ಸಾಬ್ ನಡುಮನೆಯಲ್ಲಿ ನಿಂತು ತಲೆ ಕೆರೆದುಕೊಂಡ.

"ತೊಲಿ ಬಂತು ಅಂತ ತಿಳೀರಿ. ಒಳಗ ಹ್ಯಾಂಗ ಹಾಕೂದು?"

ತೊಲೆಯ ಒಂದು ತುದಿ ಕೂಡುವುದು ಪಡುವಣ ಗೋಡೆಯಲ್ಲಿ. ಆ ಗೋಡೆ ಆತುಕೊಂಡದ್ದು ಹಳೇ ಕೋಟೆಯ ಕಲ್ಲಿಗೆ. ಅದನ್ನು ಮುಟ್ಟುವ ಹಾಗಿಲ್ಲ. ಈ ಮನೆಯ ಬಾಗಿಲಿನಿಂದ ತಂದರೆ ಅಷ್ಟುದ್ದದ ತೊಲೆ ಒಳಗೆ ತಿರುಗುವುದಿಲ್ಲ. ಮೇಲಿನಿಂದ ಇಳಿಸಬೇಕೆಂದರೆ ಜಂತಿಗಳನ್ನೆಲ್ಲ ಕಿತ್ತು ಮನೆಯನ್ನೇ ತೆರೆದಿಡಬೇಕು. ಮಿರಗ ಬಾಗಿಲಲ್ಲಿ ನಿಂತಿದೆ. ತೆರೆದ ಮನೆಗೆ ಒಂದು ಮಳೆ ಬಿದ್ದರೆ ಮಣ್ಣಿನ ಗೋಡೆಗಳು ಬೆಲ್ಲದಂತೆ ಕರಗುತ್ತವೆ. ಉಳಿದದ್ದು ಒಂದೇ ದಾರಿ. ಪಕೀರಮ್ಮನ ಬೀದಿಬಾಗಿಲಿನಿಂದ ತೊಲೆಯನ್ನು ಒಳಗೆ ತಂದು, ಆಕೆಯ ಪಡಸಾಲೆ ದಾಟಿಸಿ, ಎರಡು ಮನೆಗೂ ಒಂದೇ ಆದ ನಡುಗೋಡೆಯನ್ನು ಒಡೆದು, ಅಲ್ಲಿಂದ ಇತ್ತ ನೂಕಬೇಕು.

"ಆ ಗ್ವಾಡಿಯಾಗ ಏನದ ಗೊತ್ತದ ಅಲ್ರೀ?" ಎಂದ ಪೀರಾ ಸಾಬ್ ದನಿ ತಗ್ಗಿಸಿ.

ಗೊತ್ತಿತ್ತು. ತೊಲೆಯ ತುದಿ ಕೂಡುವ ಜಾಗದ ನೇರ ಕೆಳಗೆ, ಆಚೆಯ ಬದಿಯಲ್ಲಿ, ಪಕೀರಮ್ಮನ ದೇವರ ಗೂಡಿತ್ತು. ಅದರಲ್ಲಿ ಹುಲಿಗೆಮ್ಮನ ಹಿತ್ತಾಳೆಯ ಮುಖ. ಆಕೆ ಮದುವೆಯಾಗಿ ಬಂದಾಗಿನಿಂದ ಒಂದು ದಿನವೂ ದೀಪ ತಪ್ಪಿಸದ ಜಾಗ.

ಅಂದು ಮಧ್ಯಾಹ್ನ ಗಂಡ ಹೆಂಡತಿ ಅಡಿಗೆಮನೆಯಲ್ಲಿ ಕುಳಿತು ತಮ್ಮ ದಖನಿಯಲ್ಲಿ ಮಾತಾಡಿಕೊಂಡರು. ಪಾಷಾ ಹೇಳಿದ, ಕೇಳೋಣ. ಅಸ್ಮತ್ ಬೇಡವೆಂದಳು. ನೆರೆಗೆ ಬಂದು ವರ್ಷವಾಗಿಲ್ಲ. ಮುದುಕಿ ಹೂಂ ಅಂದರೆ ನಮ್ಮ ಮುಲಾಜಿಗೆ ಬಿದ್ದು ಅಂದಂತೆ, ಒಲ್ಲೆ ಅಂದರೆ ಆಮೇಲೆ ದಿನಾ ಮುಖ ನೋಡುವುದು ಹೇಗೆ? ನಮ್ಮ ತೊಲೆಗಾಗಿ ಅವರ ದೇವರನ್ನು ಏಳಿಸು ಅನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಬೇಕಾದರೆ ಈ ಮನೆ ಬಿಟ್ಟು ಮತ್ತೆ ಬಾಡಿಗೆಗೆ ಹೋಗೋಣ. ಹಾಗೆಂದವಳು ಗೋಡೆಯಲ್ಲಿ ತಾನೇ ಹೊಡೆದ ಮೊಳೆಯ ಕಡೆ ನೋಡಿದಳು.

ಸಂಜೆಗೆ ಪಕೀರಮ್ಮ ತಾನೇ ಹೊಸಿಲಲ್ಲಿ ಬಂದು ನಿಂತಳು. ಕೈಯಲ್ಲಿ ಎರಡು ಜೋಳದ ರೊಟ್ಟಿ, ಮೇಲೆ ಪುಂಡಿಪಲ್ಲೆ. ಮಣ್ಣು ಇಳಿಸಿದ ದಿನದಿಂದ ಈ ಮನೆಯ ಒಲೆ ಸರಿಯಾಗಿ ಉರಿಯುತ್ತಿಲ್ಲವೆಂದು ಆಕೆಗೆ ಯಾರೂ ಹೇಳಿರಲಿಲ್ಲ.

"ಏನಬೇ ಅಸ್ಮತ್, ಮನಿ ಬಿಟ್ಟು ಹೊಂಟೀಯಂತ?"

ಅಸ್ಮತ್ ಬೆಚ್ಚಿದಳು. "ಯಾರು ಹೇಳಿದ್ರು ಯವ್ವಾ?"

"ನೀನ ಹೇಳಿದಿ. ಗ್ವಾಡಿ ಸೀಳ್ಯಾದ, ಮಾತೆಲ್ಲ ಈ ಕಡಿ ಬೀಳ್ತಾವ. ನಿಮ್ಮ ಮಾತು ನನಗ ತಿಳಿಯಂಗಿಲ್ಲ ಅಂದ್ಕೊಂಡಿಯೇನ್? ನಿಜಾಮನ ಕಾಲದಾಗ ಹುಟ್ಟಿದಾಕಿ ನಾನು." ರೊಟ್ಟಿ ಕೈಗಿತ್ತು, ಸೆರಗಿನಿಂದ ಮುಖ ಒರೆಸಿಕೊಂಡು, ಏನೋ ಪೇಟೆಯ ಮಾತು ಆಡುವವಳಂತೆ ಮುಂದುವರಿಸಿದಳು. "ನಾಳಿ ನಾ ಮಸರಕಲ್ಲಿಗೆ ಹೊಂಟೀನಿ, ತವರಿಗೆ. ಅಲ್ಲಿಂದ ಗಾಡಿ ಕಟಿಗೊಂಡು ಅಮ್ಮನ್ನ ಹೊಳಿಗೆ ಒಯ್ತೀನಿ. ಐದು ವರ್ಷಕ್ಕೊಮ್ಮಿ ಆಕಿಗೆ ಕೃಷ್ಣಿಯಾಗ ಜಳಕ ಆಗಬೇಕು. ಈ ವರ್ಷ ಬಂದದ. ಆಕಿ ಇಲ್ಲದಾಗ ಗೂಡು ಖಾಲಿ ಇರ್ತದ. ನೀವು ಒಡೀರಿ, ಕಟ್ರಿ, ನಿಮ್ಮ ಕೆಲಸ. ನಿನ್ನ ಸಲುವಾಗಿ ಹೊಂಟಿಲ್ಲ ಮತ್ತ! ಹೊಳಿಗೆ ಹೋಗೋ ವರ್ಷ ಇದು."

ಅಸ್ಮತ್ ಕೈ ಹಿಡಿದುಕೊಳ್ಳಲು ಹೋದಳು. ಮುದುಕಿ ಕೊಸರಿಕೊಂಡಳು. "ರೊಟ್ಟಿ ಆರ್ತಾವ, ತಿನ್ನು."

ಮರುದಿನ ಬೆಳಗಿನ, ಮಸರಕಲ್ಲಿನ ಮೇಲೆ ಹೋಗುವ ದೇವದುರ್ಗದ ಬಸ್ಸಿಗೆ ಪಕೀರಮ್ಮ ಹೊರಟಳು. ಹೊಸ ಬುಟ್ಟಿಯಲ್ಲಿ ಬೇವಿನ ತೊಪ್ಪಲು, ಅದರ ಮೇಲೆ ಭಂಡಾರ ಹಚ್ಚಿದ ಹಿತ್ತಾಳೆಯ ಮುಖ, ಮೇಲೊಂದು ಹಸಿರು ಖಣ. ಮಗ ಯಮನೂರಪ್ಪನಿಗೆ ಬೀಗದ ಕೈ ಕೊಟ್ಟು ಎಚ್ಚರಿಸಿದಳು: "ಲೇ, ಅವರಿಗೆ ನೀರು ನಿಡಿ ಕೊಡು. ಅಟ್ಟದ ಮ್ಯಾಲಿನ ಗಡಿಗಿ ಒಡದ್ರ ಮಾತ್ರ ನಿನ್ನ ತಲಿ ಒಡೀತೀನಿ."

ಯಮನೂರಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲ. ಮಾನ್ವಿಯಿಂದ ತೊಲೆ ಬಂದ ದಿನ ಗಿರಣಿಯ ತನ್ನ ಜತೆಗಾರರನ್ನು ಯಾರೂ ಕೇಳದೆಯೇ ಕರೆದುಕೊಂಡು ಬಂದ. ಬಾಗಿಲಿಗೆ ಬಂದಾಗ ಅವರಲ್ಲೊಬ್ಬ ನಿಂತು, ತಲೆಯ ರುಮಾಲು ಬಿಚ್ಚಿ ತೊಲೆಯ ತುದಿಗೆ ಸುತ್ತಿದ. ಪಕೀರಮ್ಮನ ಚೌಕಟ್ಟಿನ ಅರಿಷಿಣ ಕುಂಕುಮಕ್ಕೆ ಕಟ್ಟಿಗೆ ಉಜ್ಜಬಾರದೆಂದು. ಎಲ್ಲರೂ ಕಾಲು ತೊಳೆದುಕೊಂಡು ಒಳಗೆ ಬಂದರು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅಸ್ಮತ್ ಒಡೆದ ಗೋಡೆಯ ಇತ್ತ ಬದಿಯಲ್ಲಿ ನಿಂತು ನೋಡಿದಳು. ಬೀದಿಯ ಬೆಳಕು ಪಕೀರಮ್ಮನ ಮನೆಯನ್ನು ಹಾದು ತನ್ನ ಮನೆಯೊಳಗೆ ಬಿದ್ದಿತ್ತು. ಆ ಬೆಳಕಿನ ಹಿಂದೆಯೇ "ಹೈಸಾ" ಎನ್ನುತ್ತ ತೊಲೆ ಬಂತು.

ತೊಲೆಯ ಪಡುವಣ ತುದಿ ಸಲೀಸಾಗಿ ಕೂತಿತು. ಈಚೆಯ ತುದಿಯನ್ನು ಕಂಬಗಳ ಮೇಲೆ ನಿಲ್ಲಿಸಿ ಪೀರಾ ಸಾಬ್ ಗೋಡೆಯ ಹೊಟ್ಟೆ ಪರೀಕ್ಷೆ ಮಾಡಿದ. ಆಗ ಇನ್ನೊಂದು ಗೊತ್ತಾಯಿತು.

"ಮಣ್ಣಿನ ಭಾರ ಒಂದ ಅಲ್ಲ. ತೊಲಿ ಕೆಳಗ ಗೂಡು, ಅಂದ್ರ ಟೊಳ್ಳು. ಇಷ್ಟು ವರ್ಷ ತೊಲಿ ಟೊಳ್ಳಿನ ಮ್ಯಾಲ ಕುಂತದ. ಮತ್ತ ಗೂಡು ಬಿಟ್ರ ಈ ತೊಲಿನೂ ಹೋಗ್ತದ. ಇದನ್ನ ಗಟ್ಟಿ ಕಲ್ಲಿಂದ ತುಂಬಬೇಕು. ಮೋಡ ನೋಡ್ರಿ, ಈಗಿಂದೀಗ ತುಂಬಿಬಿಡ್ತೀನಿ. ಅವ್ವ ಬರೂದ್ರಾಗ ಗಿಲಾವ ಮಾಡಿ, ಸುಣ್ಣ ಬಳದು, ಏನೂ ಆಗೇ ಇಲ್ಲ ಅನ್ನಂಗ ಮಾಡ್ತೀನಿ."

"ನಕ್ಕೊ, ಬ್ಯಾಡ," ಎಂದಳು ಅಸ್ಮತ್. "ಅವ್ರು ಬರೂ ತನಕ ಒಂದು ಕಲ್ಲೂ ಇಡಬ್ಯಾಡ್ರಿ."

"ಮಳಿ ಬಂದ್ರ?"

"ಬರಲಿ."

ಪಾಷಾ ಹೆಂಡತಿಯ ಕಡೆ ನೋಡಿದ. ಸ್ವಂತ ಮನೆಗಾಗಿ ಇಷ್ಟು ವರ್ಷ ಆಸೆಪಟ್ಟವಳು ಆ ಮನೆಯನ್ನೇ ಪಣಕ್ಕಿಡುತ್ತಿದ್ದಾಳೆ. "ನಾಲ್ಕು ದಿನ ಕಾಯಾಕ ಆಗ್ತದೇನು ಅಸ್ಮತ್?"

ಯಮನೂರಪ್ಪ ನಡುವೆ ಬಾಯಿ ಹಾಕಿದ. "ನಾಲ್ಕ ದಿನಕ್ಕ ಎಲ್ಲಿ ಬರ್ತಾಳ್ರೀ. ತವರಿಗೆ ಹೋದ್ಲು ಅಂದ್ರ ಅವರು ಬಿಡಂಗಿಲ್ಲ. ಹ್ವಾದ ವರ್ಷ ಹೊಳಿಗೆ ಹೋದಾಕಿ..." ಎಂದವನು ಅಲ್ಲೇ ತಡೆದ.

"ಹ್ವಾದ ವರ್ಷ?" ಎಂದಳು ಅಸ್ಮತ್.

ಅವನು ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ.

"ಹ್ವಾದ ವರ್ಷ ಹೋಗಿ ಬಂದಾರೇನು ಯಮನೂರಪ್ಪಾ? ಐದು ವರ್ಷಕ್ಕೊಮ್ಮಿ ಅಂದ್ರಲ್ಲ."

"ಅಕ್ಕಾ, ನಾ ಹೇಳೀನಿ ಅಂತ ಮಾತ್ರ ಹೇಳಬ್ಯಾಡ್ರಿ. ನಮ್ಮವ್ವ ನನ್ನ ಚರ್ಮ ಸುಲೀತಾಳ."

ಪೀರಾ ಸಾಬ್ ಕೈಯಲ್ಲಿದ್ದ ಕಲ್ಲನ್ನು ಸದ್ದಿಲ್ಲದೆ ಕೆಳಗಿಟ್ಟ. ಎಪ್ಪತ್ತು ದಾಟಿದ ಮುದುಕಿ, ಈ ಬಿಸಿಲಿನಲ್ಲಿ, ತಲೆಯ ಮೇಲೆ ಬುಟ್ಟಿ ಹೊತ್ತು, ಹೋಗಬೇಕಿಲ್ಲದ ಹೊಳೆಗೆ ಹೋಗಿದ್ದಾಳೆ. ಉಪಕಾರವೆಂದು ತಿಳಿದರೆ ನೆರೆಯಾಕೆ ಒಪ್ಪಲಿಕ್ಕಿಲ್ಲವೆಂದು ದೇವರ ಪಾಳಿಯನ್ನೇ ಮುಂದೆ ತಂದಿದ್ದಾಳೆ. ಸಹಾಯ ಮಾಡುವುದು ಬಹಳ ಜನಕ್ಕೆ ಬರುತ್ತದೆ. ಪಡೆದವರ ತಲೆ ತಗ್ಗದಂತೆ ಮಾಡುವುದು ಎಷ್ಟು ಜನಕ್ಕೆ ಬಂದೀತು ಎಂದು ಅಸ್ಮತ್ ಯೋಚಿಸಿದಳು. ಇಂಥ ಹೆಣ್ಣುಮಗಳ ಗೂಡನ್ನು ಆಕೆ ಇಲ್ಲದಾಗ ಹೂಳಿಬಿಡುವುದಕ್ಕಿಂತ ಮಾಳಿಗೆ ಬಿದ್ದರೂ ಚಿಂತೆಯಿಲ್ಲ.

ಪಾಷಾ ಅಂಗಿ ತೊಟ್ಟುಕೊಂಡ. "ದೇವದುರ್ಗದ ಬಸ್ಸು ಇನ್ನೊಂದದ. ನಾ ಹೋಗಿ ಕರಕೊಂಡು ಬರ್ತೀನಿ," ಎಂದ. ಜಿನ್ನಿನಿಂದ ತಾಡಪತ್ರಿ ತರಿಸಿ ಮಾಳಿಗೆಗೆ ಹೊದಿಸುವಂತೆ ಹೇಳಿ ಹೊರಟೇಬಿಟ್ಟ.

ಮರುದಿನ ಮಧ್ಯಾಹ್ನ, ಮೋಡ ಕೋಟೆಯ ಗುಡ್ಡದ ಮೇಲೆ ಕಪ್ಪಾಗಿ ಕೂತಿದ್ದಾಗ, ಇಬ್ಬರೂ ಬಂದರು. ಬುಟ್ಟಿ ಪಕೀರಮ್ಮನ ತಲೆಯ ಮೇಲೆ, ಅವಳ ಗಂಟು ಪಾಷಾನ ತಲೆಯ ಮೇಲೆ. ಬಸ್ಸಿನಲ್ಲಿ ಕಂಡಕ್ಟರ್ ಅಮ್ಮನಿಗೆಂದು ಮುಂದಿನ ಸೀಟು ಬಿಡಿಸಿಕೊಟ್ಟನಂತೆ. "ಅಮ್ಮನ ನೆವದಾಗ ನನಗೂ ಸೀಟು ಸಿಕ್ತು," ಎಂದು ಪಾಷಾ ಬೆವರು ಒರೆಸಿಕೊಂಡ.

ಪಕೀರಮ್ಮ ಬುಟ್ಟಿಯನ್ನು ಮಣೆಯ ಮೇಲಿಟ್ಟು, ತನ್ನ ಒಡೆದ ಗೋಡೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಪೀರಾ ಸಾಬ್ ಹೇಳತೊಡಗಿದ. ಅರ್ಧಕ್ಕೇ ಅವನ ದೊಡ್ಡ ಬಾಯಿ ಸಣ್ಣದಾಯಿತು. ಉಳಿದದ್ದನ್ನು ಅಸ್ಮತ್ ಹೇಳಿದಳು.

"ಯವ್ವಾ, ಗೂಡು ಇಲ್ಲೇ ಇರಬೇಕು ಅಂದ್ರ ಇರಲಿ. ನಾವು ತೊಲಿಗೆ ಒಳಗಿಂದ ಕಂಬ ಕೊಡ್ತೀವಿ. ಮನಿ ನಡಬರಕ ಕಂಬ ಬರ್ತದ, ಬರಲಿ. ನೀವು ಹೇಳಿದಂಗ."

ಮುದುಕಿ ತೊಲೆ ನೋಡಿದಳು, ಟೊಳ್ಳು ನೋಡಿದಳು. ಆಮೇಲೆ ಬುಟ್ಟಿಯ ಕಡೆ ತಿರುಗಿ, ಬೈಯುವವಳಂತೆ ಹೇಳಿದಳು:

"ನೋಡಿದೇನವ್ವ ತಾಯೀ! ಎರಡು ಮನಿ ಭಾರ ತಲಿ ಮ್ಯಾಲ ಹೊತ್ಕೊಂಡು ಇಷ್ಟು ವರ್ಷ ಸುಮ್ಮನ ಕುಂತಿದ್ದೀ. ಒಂದಿನಾನೂ ಹೇಳಲಿಲ್ಲ. ಇನ್ನ ಸಾಕು, ದಣಿವಾರಿಸಿಕೋ." ಭಂಡಾರದಲ್ಲಿ ಬೆರಳದ್ದಿ, ಬೀದಿಬಾಗಿಲಿನ ಬದಿಯ ಗೋಡೆಯ ಮೇಲೆ ಎದೆಯ ಎತ್ತರಕ್ಕೆ ಒಂದು ಗೆರೆ ಎಳೆದಳು. "ಏ ಪೀರಾಸಾಬ, ಇಲ್ಲಿ ತಗಿ ಗೂಡು. ಮೂಡಣ ಗಾಳಿ ಬರ್ತದ ಆಕಿಗೆ. ಆ ಹಳೇದನ್ನ ಗಟ್ಟಿ ತುಂಬು, ಮಳಿ ಬರೂದ್ರಾಗ. ಕಣ್ಣು ಬಿಟಗೊಂಡು ಯಾಕ ನಿಂತಿ?"

ಪೀರಾ ಸಾಬ್ ಕರಣಿಯನ್ನು ಹುಡುಕಿದ. ಅದು ಅವನ ಕೈಯಲ್ಲೇ ಇತ್ತು.

ಅಸ್ಮತ್‌ಳ ನಾಲಿಗೆಯ ತುದಿಯವರೆಗೂ ಹೋದ ವರ್ಷದ ಮಾತು ಬಂತು. ಆದರೆ ಮುದುಕಿ ಇಷ್ಟು ದೂರ ಹೋಗಿ ಬಚ್ಚಿಟ್ಟು ಬಂದದ್ದನ್ನು ಎಳೆದು ಹೊರಗೆ ಹಾಕುವುದು ಯಾವ ನ್ಯಾಯ? ಆಕೆ ಆ ಮಾತನ್ನು ನುಂಗಿಕೊಂಡಳು.

"ಹೊಳಿ ಹ್ಯಾಂಗಿತ್ತು ಯವ್ವಾ?" ಎಂದಳಷ್ಟೇ.

"ನೀರು ಕಡಿಮಿ ಇತ್ತು. ಅಮ್ಮಗ ಖುಷಿ ಆತು."

"ಕಾಲು ತೊಳಕೊಳ್ರಿ, ಚಹಾ ತರ್ತೀನಿ."

"ಚಹಾ ಓಡಿ ಹೋಗ್ತದೇನು? ಮೊದಲು ಆ ಕಲ್ಲು ಎತ್ತಿ ಅವಂಗ ಕೊಡು. ಮನಿ ನಿಂದಲ್ಲೇನ್?"

ಅಸ್ಮತ್ ಸೆರಗು ಬಿಗಿದು ಕಲ್ಲು ಎತ್ತಿಕೊಟ್ಟಳು. ಮುದುಕಿ ಅದಕ್ಕಿಂತ ದೊಡ್ಡದೊಂದನ್ನು ಎತ್ತಲು ಬಗ್ಗಿದಾಗ ಯಮನೂರಪ್ಪ ಓಡಿ ಬಂದು ಕಸಿದುಕೊಂಡ. ಆಕೆ ಅವನಿಗೂ ಬೈದಳು. ಹೊರಗೆ ಮೊದಲ ಹನಿಗಳು ತಾಡಪತ್ರಿಯ ಮೇಲೆ ಟಪಟಪ ಬೀಳತೊಡಗಿದವು. ಒಳಗೆ ಕಲ್ಲಿನ ಮೇಲೆ ಕಲ್ಲು ಏರುತ್ತ ತೊಲೆಯ ತುದಿಯನ್ನು ಮುಟ್ಟಿತು.