ಬಿಚ್ಚಬಾರದೆಂದ ಕೊಳವೆ

ರಾಯದುರ್ಗದಲ್ಲಿ ಹೊಲಿಗೆ ಮಿಷನ್ ಕೆಟ್ಟರೆ ಎಲ್ಲರೂ ಮೊದಲು ತಾವೇ ಒಂದು ಕೈ ನೋಡುತ್ತಾರೆ, ಪೂರ್ತಿ ಕೆಡಿಸಿದ ಮೇಲೆ ನನ್ನ ಅಂಗಡಿಗೆ ತರುತ್ತಾರೆ. ನನ್ನ ಹೆಸರು ಬಸವರಾಜೇಶ್ವರಿ. ಅಪ್ಪ ಕಲಿಸಿದ ಕೆಲಸ, ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದೇನೆ. ಈ ಊರಿನ ಜೀನ್ಸ್ ಟೈಲರ್‌ಗಳ ಒಂದು ಚಾಳಿ ನೋಡಿ ನೋಡಿ ನನಗೆ ಹೇಸಿಗೆ ಹುಟ್ಟಿದೆ. ಏನು ಸಡಿಲವಾದರೂ ದಾರ ಸುತ್ತುವುದು. ಸ್ಕ್ರೂ ನಿಲ್ಲುತ್ತಿಲ್ಲವೇ, ಎರಡು ಸುತ್ತು ಜೀನ್ಸ್ ದಾರ. ಕನ್ನಡಕದ ಕಾಲು ಅಲ್ಲಾಡುತ್ತದೆಯೇ, ಅದಕ್ಕೂ ದಾರ. ಮೇಲೊಂದಿಷ್ಟು ಅಂಟು ಸುರಿದರೆ ಇವರ ಎಂಜಿನಿಯರಿಂಗ್ ಮುಗಿಯಿತು. ಆಮೇಲೆ ಅದನ್ನು ಬಿಚ್ಚುವ ಪಾಪ ನನ್ನದು.

ಆ ಶುಕ್ರವಾರ ಮಧ್ಯಾಹ್ನ ಟೈಲರ್ ಚೌಡೇಶ ತಂದದ್ದು ಮಾತ್ರ ಮಿಷನ್ ಅಲ್ಲ. ಉದ್ದನೆಯ ಚೀಲದಿಂದ ಬಂದೂಕು ತೆಗೆದು ನನ್ನ ಮೇಜಿನ ಮೇಲಿಟ್ಟ. ಹಿಂದೆ ಅವನ ಮಗಳು ಹರಿತಾ, ಡಿಗ್ರಿ ಎರಡನೇ ವರ್ಷದ ಹುಡುಗಿ, ಗೋಡೆಗೆ ಅಂಟಿಕೊಂಡು ನಿಂತಿದ್ದಳು.

"ಅಕ್ಕಾ, ಬೈಬ್ಯಾಡ್ರಿ," ಅಂದ ಚೌಡೇಶ.

ಹೀಗೆ ಶುರುಮಾಡಿದವನನ್ನು ನಾನು ಬೈಯದೆ ಬಿಟ್ಟದ್ದೇ ಇಲ್ಲ.

ಅದು ಗುರಿ ಹೊಡೆಯುವ ಆಟದ ಏರ್ ರೈಫಲ್. ಹರಿತಾ ಎರಡು ವರ್ಷದಿಂದ ಅದರಲ್ಲೇ ಕಲಿಯುತ್ತಿದ್ದಾಳೆ. ಕಲಿಸುವ ಕೋಚ್ ರಾಮಾಂಜಿನೇಯ ಸಾರ್ ತಮ್ಮ ಹಳೆಯ ರೈಫಲ್ಲನ್ನೇ ಇವರಿಗೆ ದುಡ್ಡಿಗೆ ಕೊಟ್ಟಿದ್ದರು. ಅದಕ್ಕಾಗಿ ಚೌಡೇಶ ಮನೆಯ ಎರಡು ಮಿಷನ್ನುಗಳಲ್ಲಿ ಒಂದನ್ನು ಮಾರಿದ್ದ. ಬರುವ ಭಾನುವಾರ ಅನಂತಪುರದಲ್ಲಿ ಜಿಲ್ಲೆಯ ಆಯ್ಕೆ, ಆಯ್ಕೆ ಮಾಡುವವರಲ್ಲಿ ಸಾರೂ ಒಬ್ಬರು. ಈ ಸಲವೂ ಅವಳು ಆಯ್ಕೆಯಾಗದಿದ್ದರೆ ಆಟ ಬಿಡಿಸಿ ಜೀನ್ಸ್ ಯೂನಿಟ್ಟಿಗೆ ಹಾಕುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ನಳಿಗೆಯ ತುದಿಗೆ ಒಂದು ಕೊಳವೆ ಕೂರುತ್ತದೆ. ಗುರಿ ನೋಡುವ ಮುಂದಿನ ಉಂಗುರ ಇರುವುದು ಅದರ ಮೇಲೆ. ಹೋದ ವಾರ ಬಸ್ಸಿನಲ್ಲಿ ರೈಫಲ್ ಬಿದ್ದು ಆ ಕೊಳವೆ ಹೊರಳಿತ್ತಂತೆ. ಚೌಡೇಶ ಏನು ಮಾಡಿದ್ದಾನು? ದಾರ ಸುತ್ತಿದ್ದ. ಅಂಟು ಸುರಿದಿದ್ದ. ಕೊಳವೆ ಸೊಟ್ಟಗೆ ಕೂತು ಕಲ್ಲಾಯಿತು. ಆಮೇಲೆ ಇಕ್ಕಳ ಹಾಕಿ ತಿರುವಿದ್ದ. ಕರಿ ಬಣ್ಣದ ಮೇಲೆಲ್ಲ ಹಲ್ಲಿನ ಗುರುತು. ಅಂಟು ಸೋರಿ, ಧೂಳು ಕೂತು, ಸುರಿವ ಮೂಗಿನಂತಿತ್ತು. ಮುಟ್ಟಲು ನನಗೆ ಅಸಹ್ಯವಾಯಿತು.

"ಥೂ! ಇದನ್ನ ರಿಪೇರಿ ಅಂತಾರೇನೋ? ಮಂತ್ರಕ್ಕಿಂತ ಉಗುಳೇ ಜಾಸ್ತಿ ಆಗೈತಲ್ಲೋ! ಬಿದ್ದ ದಿನಾನೇ ಯಾಕ ತರಲಿಲ್ಲ?"

"ಆ ಕೊಳವೆ ಯಾವತ್ತೂ ಬಿಚ್ಚಬಾರದು ಅಂತ ಸಾರ್ ಹೇಳಿದ್ರು ರೀ. ಬಿಚ್ಚಿದ್ರ ಕಂಪನಿ ಸೆಟ್ಟಿಂಗ್ ಹೋಗ್ತೈತಂತ. ಅದಕ್ಕ ಬಿಚ್ಚದಂಗ ಬಿಗಿ ಮಾಡಿದ್ನಿ."

"ಬಿಚ್ಚದಂಗ ಮಾಡೋದ್ರಾಗ ನೀ ಪಾಸಾದಿ ಬಿಡಪ್ಪ."

ಹರಿತಾ ನಗಲಿಲ್ಲ. ಆ ಹುಡುಗಿ ನಗುವುದನ್ನು ಬಿಟ್ಟು ಬಹಳ ದಿನವಾಗಿತ್ತು. ರೈಫಲ್ ಬಸ್ಸಿನಲ್ಲಿ ಬೀಳುವ ಎಷ್ಟೋ ಮೊದಲಿನಿಂದಲೂ ಅವಳ ಗುಂಡುಗಳು ಒಂದು ಕಡೆ ಬೀಳುತ್ತಿರಲಿಲ್ಲ. ರೈಫಲ್ಲಿನಲ್ಲೇ ಏನೋ ಇದೆ ಅಂತ ಒಂದು ಸಲ ಅವಳು ಹೇಳಿದ್ದಕ್ಕೆ ಸಾರ್ ಎಲ್ಲ ಮಕ್ಕಳ ಮುಂದೆ, "ಕುಣಿಲಾರದೋಳು ನೆಲ ಡೊಂಕು ಅಂದ್ಲಂತೆ," ಅಂದಿದ್ದರಂತೆ. ನಡುಕ ಇರುವುದು ಅವಳ ಕೈಯಲ್ಲಿ, ಟೈಲರ್ ಮನೆಯವರ ಕೈಗೆ ಮಿಷನ್ನಿನ ನಡುಕ ಹತ್ತಿರುತ್ತದೆ, ಅದು ಹೋಗುವುದಿಲ್ಲ ಅಂದಿದ್ದರಂತೆ. ಅಂದಿನಿಂದ ಅವಳ ತಾಯಿ ಚಿನ್ನಕ್ಕ ಮಗಳನ್ನು ಮಿಷನ್ ಮುಟ್ಟಗೊಡಲಿಲ್ಲ. ತಾಯತ ಕಟ್ಟಿಸಿದಳು, ನರದ ಮಾತ್ರೆ ನುಂಗಿಸಿದಳು. ನಾಲ್ಕು ಜನರ ಮುಂದೆ ಹರಿತಾ ತುಂಬಿದ ಲೋಟ ಹಿಡಿಯುವುದನ್ನೇ ಬಿಟ್ಟಳು. ಚಿನ್ನಕ್ಕ ನನ್ನನ್ನು ಕೇಳಿದಾಗ ನಾನಾದರೂ ಏನಂದೆ? "ಹೌದವ್ವ, ದಿನಾ ಮೋಟರ್ ಮುಂದ ಕೂತ ಕೈ, ನಡುಗದೆ ಏನು ಮಾಡ್ತೈತಿ?" ಅಂದೆ. ತಿಳಿದವಳ ಹಾಗೆ ಅಂದೆ.

ರೈಫಲ್ಲಿನಲ್ಲಿ ಗುಂಡು, ಗಾಳಿ ಏನೂ ಉಳಿದಿಲ್ಲವೆಂದು ಹರಿತಾಳಿಂದಲೇ ಎರಡೆರಡು ಸಲ ನೋಡಿಸಿದೆ. ನಳಿಗೆಯನ್ನು ಎರಡು ಮರದ ತುಂಡುಗಳ ನಡುವೆ ಇಟ್ಟು ವೈಸಿಗೆ ಕಚ್ಚಿಸಿದೆ. ಸೂಜಿಯಿಂದ ದಾರ ಕಿತ್ತೆ. ಬಂಗಾರದ ಬಣ್ಣದ ಜೀನ್ಸ್ ದಾರ, ಅಂಟಿನಲ್ಲಿ ನೆಂದು ಕೊಳೆತ ಕರುಳಿನ ಹಾಗೆ ಎಳೆ ಎಳೆಯಾಗಿ ಬಂತು. ಬೆಂಕಿ ತೋರಿಸಿದರೆ ನಳಿಗೆ ಕೆಡುತ್ತದೆ, ಅದಕ್ಕೆ ಪಕ್ಕದ ಯೂನಿಟ್ಟಿನಿಂದ ಪ್ಯಾಂಟಿಗೆ ಹಾಕುವ ಸ್ಟೀಮ್ ಇಸ್ತ್ರಿ ತರಿಸಿಕೊಂಡು ಕೊಳವೆಗೆ ಹಬೆ ಕೊಟ್ಟೆ. ಕೊಡುವುದು, ತಿರುವಿ ನೋಡುವುದು, ಮತ್ತೆ ಕೊಡುವುದು.

ಹರಿತಾ ಟಾರ್ಚ್ ಹಿಡಿದಿದ್ದಳು. ಮುಕ್ಕಾಲು ಗಂಟೆ ಒಂದೇ ಕಡೆ ಹಿಡಿದಿದ್ದಳು, ಬೆಳಕು ಒಂದು ಎಳೆಯಷ್ಟೂ ಅಲುಗಲಿಲ್ಲ. ಆಗಲೇ ನನಗೆ ತಿಳಿಯಬೇಕಿತ್ತು. ಚೌಡೇಶನನ್ನು ಬೈಯುವುದರಲ್ಲೇ ನನಗೆ ಪುರುಸೊತ್ತಿರಲಿಲ್ಲ.

ಹಳೆಯ ಕಾಲ್ಮಿಷನ್ನಿನ ಚರ್ಮದ ಬೆಲ್ಟನ್ನು ಕೊಳವೆಗೆ ಮೂರು ಸುತ್ತು ಬಿಗಿದು, ತುದಿಗೆ ಸ್ಪ್ಯಾನರ್ ಸಿಕ್ಕಿಸಿ ಮೆಲ್ಲಗೆ ಎಳೆದೆ. ಬೆಲ್ಟು ಜಾರಿತು. ಮತ್ತೆ ಬಿಗಿದೆ. ನಾಲ್ಕನೇ ಸಲಕ್ಕೆ ಲಟ್ ಅಂತ ಸದ್ದಾಯಿತು. ಕೊಳವೆ ತಿರುಗಿತು.

"ಬಂತು!" ಅಂತ ಚೌಡೇಶ ಚಪ್ಪಾಳೆ ತಟ್ಟಿದ.

ಕೊಳವೆ ಕೈಗೆ ಬಂತು. ಅದರೊಳಗೆ ಇನ್ನೊಂದು ಅಂಟು, ಹಳದಿಗಟ್ಟಿದ ಹಳೆಯ ಅಂಟು. ಅದು ಚೌಡೇಶನದಲ್ಲ. ನಳಿಗೆಯ ಬಾಯಿ ನೋಡಿದೆ, ಹರಿತಾ ಟಾರ್ಚನ್ನು ಹತ್ತಿರ ತಂದಳು. ಯಾರೋ ನಳಿಗೆಯ ತುದಿಯನ್ನು ಹ್ಯಾಕ್ಸಾದಿಂದ ಕೊಯ್ದಿದ್ದರು. ಕೊಯ್ತ ಓರೆ. ಅರ ಕೂಡ ಸರಿಯಾಗಿ ಹಾಕಿರಲಿಲ್ಲ. ತೂತಿನ ಅಂಚಿಗೆ ಕಬ್ಬಿಣದ ಮುಳ್ಳು ಎದ್ದಿತ್ತು. ಇಂಥ ಬಾಯಿಂದ ಹೊರಟ ಗುಂಡು ಯಾವ ಜನ್ಮಕ್ಕೂ ಒಂದು ಕಡೆ ಬೀಳುವುದಿಲ್ಲ. ಈ ಗಾಯ ಮುಚ್ಚಲೆಂದೇ ಕೊಳವೆಯನ್ನು ಮೆತ್ತಿದ್ದರು, ಬಿಚ್ಚಬೇಡಿ ಎಂದಿದ್ದರು. ನೆಲವೇ ಡೊಂಕಾಗಿತ್ತು.

ನಾನು ಬಾಯಿ ಬಿಡುವ ಮೊದಲೇ ಹರಿತಾ ಬೆರಳ ತುದಿಯಿಂದ ಆ ಮುಳ್ಳನ್ನು ಮುಟ್ಟಿ ನೋಡಿದಳು. "ಅಕ್ಕಾ, ನನ್ನ ಗುಂಡು ಚದುರಿದ್ದು ಇದಕ್ಕೇನ್ರಿ?" ಅಂದಳು.

"ಇದಕ್ಕೇ ಕಣವ್ವ," ಅಂದೆ. ಅವಳ ಮುಖ ನೋಡಲು ನನಗೆ ನಾಚಿಕೆಯಾಯಿತು.

ಚೌಡೇಶ ಅಲ್ಲಿಂದಲೇ ಸಾರಿಗೆ ಫೋನ್ ಹಚ್ಚಿದ. ಸ್ಪೀಕರ್ ಹಾಕು ಅಂದೆ. ಕೊಳವೆ ಬಿಚ್ಚಿದ್ದು ಕೇಳಿ ಸಾರ್ ದನಿ ತಗ್ಗಿಸಿದರು.

"ಏಮೀ ಕಾದು ಚೌಡೇಶ, ಏನೂ ಆಗಂಗಿಲ್ಲ. ತುದಿ ಒಂದೀಟು ಪೆಟ್ಟು ತಿಂದಿತ್ತು, ಕಟ್ ಮಾಡಿಸಿದ್ದೆ. ಅದಕ್ಕೇ ಬಿಚ್ಚಬ್ಯಾಡ್ರಿ ಅಂದಿದ್ದು. ಈಗ ಮೊದಲಿನಂಗ ಅಂಟಿಸ್ಕೊಂಡು ಬರ್ರಿ. ಭಾನುವಾರ ಲಿಸ್ಟಿನಾಗ ಹರಿತಾ ಹೆಸರು ನಾನು ಹಾಕ್ತೀನಿ. ಹೆಂಗ ಹೊಡೆದ್ರೂ ಹಾಕ್ತೀನಿ. ಇದು ನಮ್ಮ ನಮ್ಮೊಳಗಿರಲಿ."

ನನ್ನ ಬಾಯಲ್ಲಿ ಉಗುಳು ತುಂಬಿತು. ಅದಕ್ಕಿಂತ ಹೇಸಿಗೆಯಾದದ್ದು ಚೌಡೇಶನ ಮುಖ ನೋಡಿ. ಆ ಮುಖ ಅರಳಿತ್ತು.

"ಕೇಳಿದೇನವ್ವ? ಹೆಸರು ಹಾಕ್ತಾರಂತ," ಅಂದ ಮಗಳಿಗೆ.

ಹರಿತಾ ಅವನ ಕೈಯಿಂದ ಫೋನ್ ತೆಗೆದುಕೊಂಡಳು. "ಸಾರ್, ನನ್ನ ಕೈ ನಡುಗಂಗಿಲ್ಲ ಅಂತ ಭಾನುವಾರ ಎಲ್ರ ಮುಂದ ಹೇಳ್ತೀರೇನ್ರಿ?"

"ಅದೆಲ್ಲ ಈಗ್ಯಾಕಮ್ಮಾ? ಹೆಸರು ಬರ್ತೈತಲ್ಲ."

"ಹೇಳ್ತೀರೇನ್ರಿ?"

ಫೋನ್ ಕಟ್ಟಾಯಿತು. ಚೌಡೇಶ ಏನೋ ಅನ್ನಲು ಹೋದ. ನಾನು ಸ್ಪ್ಯಾನರನ್ನು ಮೇಜಿನ ಮೇಲೆ ಕುಕ್ಕಿದ್ದಕ್ಕೆ ಹಿಂದೆ ಸರಿದ.

"ಬಿಡವ್ವ, ಲೇತಿಗೆ ಹಾಕಿ ಬಾಯಿ ಸಮ ಮಾಡ್ತೀನಿ," ಅಂದೆ ಹರಿತಾಳಿಗೆ. "ಒಂದು ತಾಸಿನ ಕೆಲಸ. ಭಾನುವಾರ ನಿನ್ನ ಗುರಿ ನೀನೇ ಹೊಡಿ."

ಅವಳು ಬಹಳ ಹೊತ್ತು ಆ ನಳಿಗೆಯನ್ನೇ ನೋಡಿದಳು. ಅವಳಿಗೆ ಆಸೆ ಇತ್ತು, ನನಗೆ ಕಾಣುತ್ತಿತ್ತು.

"ಬ್ಯಾಡ್ರಿ ಅಕ್ಕ. ಸಮ ಮಾಡಿದ್ರ ಇದು ಹಿಂಗಿತ್ತು ಅಂತ ಯಾರು ನಂಬ್ತಾರ? ಹಿಂಗೇ ಒಯ್ತೀನಿ. ಅಲ್ಲಿ ಬಂದೋರೆಲ್ಲ ನೋಡ್ಲಿ."

"ಆಡಾಕಾಗಂಗಿಲ್ಲಲ್ಲೇ ಹುಚ್ಚಿ!"

"ಗೊತ್ತೈತ್ರಿ."

ರೈಫಲ್ಲನ್ನು ತಾನೇ ಚೀಲಕ್ಕಿಟ್ಟಳು. ಕೊಳವೆಯನ್ನು ಬಟ್ಟೆಚೂರಿನಲ್ಲಿ ಸುತ್ತಿ ಪಕ್ಕಕ್ಕಿಟ್ಟಳು. ಜಿಪ್ಪೆಳೆಯಲು ಬಗ್ಗಿದಳು, ಕೊಂಡಿ ಬೆರಳಿಗೆ ಸಿಗಲಿಲ್ಲ. ಮತ್ತೆ ಹಿಡಿಯಲು ಹೋದಳು, ಆಗಲೂ ಸಿಗಲಿಲ್ಲ. ಸಿಟ್ಟಿಗೆ ಅವಳ ಕೈ ಗಡಗಡ ನಡುಗುತ್ತಿತ್ತು. ಆ ಕೈ ನಡುಗಿದ್ದನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು.